ಬಾಚಣಿಗೆಯ ಅಳತೆ



ಚಿನ್ನದ ಗಣಿಯ ಹಟ್ಟಿಯಲ್ಲಿ ಇಂದು ಚಿತ್ರ ಕಲಿಸುವವರೆಲ್ಲ ಕೂಡಿದ್ದೇವೆ. ನಕಲು ಮಾಡಿ ಕಲಿಯುವುದು ಸರಿಯೋ ತಪ್ಪೋ ಎಂಬ ಜಗಳದ ಚರಿತ್ರೆಯನ್ನು ನಾನು ಹೇಳುವುದಿಲ್ಲ. ಅದನ್ನು ಬಲ್ಲವರು ಮುಂದಿನ ಸಾಲಿನಲ್ಲೇ ಇದ್ದಾರೆ. ಗುರುವಿನ ರೇಖೆ ತಿದ್ದಿ ಕಲಿಯುವ ಪದ್ಧತಿಯನ್ನು ಇಲ್ಲಿಗೆ ಬಂದಿರುವ ಸುರಪುರದ ಕಲಾವಿದರಿಗೆ ನಾನು ವಿವರಿಸಿದರೆ ಅಧಿಕಪ್ರಸಂಗವಾದೀತು. ನಕಲಿನಲ್ಲಿ ದೋಷವಿಲ್ಲ. ಚೌಕಗಳ ಗ್ರಾಫ್ ಹಾಕಿ ಮನೆಮನೆ ತುಂಬುವುದನ್ನೇ ನಕಲು ಎಂದುಕೊಂಡಲ್ಲಿ ನಾವು ದಾರಿ ತಪ್ಪಿದೆವು.

ಈ ಸೀಮೆಯ ಒಂದು ಶಿಬಿರದಲ್ಲಿ ಮಕ್ಕಳಿಗೆ ರೆನೆ ಮ್ಯಾಗ್ರಿಟ್ 1952ರಲ್ಲಿ ಬರೆದ ‘ಪರ್ಸನಲ್ ವ್ಯಾಲ್ಯೂಸ್’ ಚಿತ್ರದ ಮುದ್ರಿತ ಪ್ರತಿ ಕೊಟ್ಟಿದ್ದೆ. ಮೋಡ ತುಂಬಿದ ಆಕಾಶವೇ ಗೋಡೆಯಾದ ಕೋಣೆ. ಮಂಚದ ಮೇಲೆ ಆಳೆತ್ತರದ ಬಾಚಣಿಗೆ, ನಡುವೆ ಕಪಾಟಿನೆತ್ತರದ ಗಾಜಿನ ಲೋಟ, ನೆಲದ ಮೇಲೆ ದೊಣ್ಣೆಯಂಥ ಬೆಂಕಿಕಡ್ಡಿ, ಕಪಾಟಿನ ಮೇಲೆ ಗಡ್ಡದ ಬ್ರಷ್. ನೆರಳು, ಮಡಿಕೆ, ಗಾಜಿನ ಹೊಳಪು ಎಲ್ಲವೂ ವಸ್ತುಚಿತ್ರದ ಪಾಠದಲ್ಲಿ ನಾವು ಕಲಿಸುವ ಹಾಗೆಯೇ ಇವೆ. ಅಳತೆಯೊಂದೇ ಬೇರೆ. ಕಲಿಯುವವರ ಕೈಗೆ ಈ ಚಿತ್ರವನ್ನು ಕೊಡಬೇಕೆನ್ನುವುದು ಅದಕ್ಕೇ.

ಒಬ್ಬ ಹುಡುಗಿ ನೆರಳನ್ನು ಬಹಳ ಚೆನ್ನಾಗಿ ಹಿಡಿದಿದ್ದಳು. ಆದರೆ ಅವಳ ಬಾಚಣಿಗೆ ಕುಗ್ಗಿತ್ತು, ಮಂಚ ಹಿಗ್ಗಿತ್ತು. ಕೇಳಿದರೆ, ‘ಹೆಂಗೈತೋ ಹಂಗ ತೆಗದೀನ್ರಿ ಸರ್’ ಎಂದಳು. ಅವಳು ಸುಳ್ಳು ಹೇಳಲಿಲ್ಲ. ಮನೆಯ ಬಾಚಣಿಗೆ ಎಷ್ಟಿರುತ್ತದೆಂದು ಕೈಗೆ ಗೊತ್ತಿತ್ತು. ಕಣ್ಣು ಕಂಡದ್ದನ್ನು ಕೈ ತಿದ್ದಿತ್ತು. ಗ್ರಾಫ್ ಹಾಕಿಸಿದೆವು. ಅಳತೆ ಕೂಡಲೇ ಸರಿಹೋಯಿತು. ಮ್ಯಾಗ್ರಿಟ್‌ನ ಚಿತ್ರಗಳನ್ನು ಮಾರುತ್ತಿದ್ದ ಇಯೋಲಾಸ್ ಈ ಚಿತ್ರ ನೋಡಿ ಕಂಗಾಲಾಗಿ ಪತ್ರ ಬರೆದಿದ್ದ. ಆ ಕಸಿವಿಸಿಯೇ ಈ ಹುಡುಗಿಯ ಕೈಯಲ್ಲೂ ಇತ್ತು. ಚೌಕಗಳು ಅದನ್ನು ಒರೆಸಿಹಾಕಿದವು.

ಅಳತೆ ತಪ್ಪದ ನಕಲು ಬೇಕಾಗುವ ಕೆಲಸವೂ ಇದೆ. ಇಲ್ಲೇ ಹತ್ತಿರದ ಮಸ್ಕಿಯಲ್ಲಿ, 1915ರಲ್ಲಿ, ಚಿನ್ನದ ಶೋಧದಲ್ಲಿದ್ದ ಎಂಜಿನಿಯರ್ ಬೀಡನ್ ಅಶೋಕನ ಹೆಸರಿರುವ ಶಾಸನವನ್ನು ಕಂಡರು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಶಾಸನಕ್ಕೆ ಪಡಿಯಚ್ಚು ಬೇಕು. ಒದ್ದೆ ಹಾಳೆ ಅಂಟಿಸಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿದರೆ ಕಲ್ಲಿನಲ್ಲಿದ್ದದ್ದು ಇದ್ದ ಅಳತೆಯಲ್ಲೇ ಬರುತ್ತದೆ. ತೆಗೆಯುವವರ ಮನಸ್ಸು ಅದರೊಳಗೆ ನುಸುಳಬಾರದು. ಚಿತ್ರ ಕಲಿಯುವ ಮಗುವಿನಿಂದಲೂ ನಾವು ಪಡಿಯಚ್ಚನ್ನೇ ಕೇಳುತ್ತಿದ್ದೇವೆ. ಈಗ ಮೊಬೈಲ್ ಪರದೆಯಿಂದಲೇ ನಕಲು. ಮ್ಯಾಗ್ರಿಟ್‌ನ ಮೂಲ ಚಿತ್ರ ಸುಮಾರು 80 ಸೆಂಟಿಮೀಟರ್ ಎತ್ತರ, ಒಂದು ಮೀಟರ್ ಅಗಲ. ಅಳತೆಯೇ ಜೀವಾಳವಾದ ಚಿತ್ರವನ್ನು ಅಂಗೈಯಗಲಕ್ಕೆ ಇಳಿಸಿ ಕಲಿಸುತ್ತಿದ್ದೇವೆ.

ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಇದು: ಬಾಚಣಿಗೆ ಕುಗ್ಗಿಸಿದ ಆ ಕೈ ತಪ್ಪಿತೋ, ಅವಳದೇ ನೋಟ ಅಲ್ಲಿ ಶುರುವಾಗಿತ್ತೋ? ಅಳತೆ ಕಲಿಸದೆ ಬಿಡಲಾಗದು. ಕಲಿಸಿದರೆ ಆ ನೋಟ ಎಲ್ಲಿ ಹೋಗುತ್ತದೆ? ಉತ್ತರ ನನ್ನಲ್ಲಿಲ್ಲ. ಮಧ್ಯಾಹ್ನದ ಪ್ರಾತ್ಯಕ್ಷಿಕೆ ನಡೆಸುವ ಗೆಳೆಯರಲ್ಲಿ ನನ್ನದೊಂದು ವಿನಂತಿ: ಮೊದಲ ನಕಲನ್ನು ಗ್ರಾಫ್ ಇಲ್ಲದೆ ಮಾಡಿಸಿ, ಅದನ್ನು ತಿದ್ದಬೇಡಿ, ಗ್ರಾಫ್ ಹಾಕಿ ಮಾಡಿಸಿದ ಎರಡನೆಯದರ ಪಕ್ಕದಲ್ಲೇ ತೂಗುಹಾಕಿ. ನಾಳೆಯ ಗೋಷ್ಠಿ ಅವುಗಳ ಮುಂದೆ ನಿಂತೇ ನಡೆಯಲಿ.