ಫ್ರೆಂಚ್ ಕಲಿಸಲು ಹೊರಡುವ ಮುನ್ನ

(ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಭೋಸರಿಯಲ್ಲಿ ನಿಂತು ಫ್ರೆಂಚ್ ಬಗ್ಗೆ ಕನ್ನಡದಲ್ಲಿ ಮಾತಾಡುವ ಅವಕಾಶ ಎಷ್ಟು ಜನರಿಗೆ ಸಿಕ್ಕೀತು! ಸಂಘಕ್ಕೆ ಮೊದಲು ವಂದನೆಗಳು.

ಪುಣೆಯಲ್ಲಿ ನಮ್ಮ ಮಕ್ಕಳು ಫ್ರೆಂಚ್ ಕಲಿಯುವುದು ಈಗ ಹೊಸದಲ್ಲ. ಕೆಲವರು ಶಾಲೆಯಲ್ಲಿ, ಕೆಲವರು ಜೂನಿಯರ್ ಕಾಲೇಜಿನಲ್ಲಿ, ಇನ್ನು ಕೆಲವರು ಅಲಿಯಾನ್ಸ್ ಫ್ರಾನ್ಸೇಜ್‌ನಲ್ಲಿ ಕಲಿತು ಡೆಲ್ಫ್ ಪರೀಕ್ಷೆಯಲ್ಲಿ ಎ1, ಎ2 ಎಂದು ಮೆಟ್ಟಿಲು ಹತ್ತುತ್ತಿದ್ದಾರೆ. ನಾನು ಫ್ರೆಂಚ್ ಪಾಠ ಹೇಳುವವಳಾದ್ದರಿಂದ ಈ ಹುಡುಗಿಯರು ನನ್ನ ಹತ್ತಿರ ಬರುತ್ತಾರೆ. ಈಚೆಗೆ ಒಬ್ಬಳು ಬಂದು ಕೇಳಿದಳು: "ಕಾಕೂ, ನಾ ಮಡಗಾಸ್ಕರಕ್ಕ ಹೋಗಿ ಮೂರು ವಾರ ಹಳ್ಳಿ ಮಕ್ಕಳಿಗೆ ಫ್ರೆಂಚ್ ಕಲಸ್ತೀನಿ. ಅವ್ವಗ ನೀವs ಒಂದು ಮಾತು ಹೇಳ್ರಿ." ಅವಳ ಅವ್ವನ ಚಿಂತೆ ಬೇರೆ: ಇಷ್ಟು ದುಡ್ಡು ಕಟ್ಟಿ, ಗೊತ್ತಿಲ್ಲದ ಊರಿಗೆ ಯಾಕೆ?

ಇಬ್ಬರ ಮಾತಿನಲ್ಲೂ ಹುರುಳಿದೆ. ಇಬ್ಬರಿಗೂ ನಾನು ಕೊಟ್ಟ ಉತ್ತರವನ್ನೇ ಇವತ್ತು ನಿಮ್ಮ ಮುಂದಿಡುತ್ತೇನೆ.

ಮಡಗಾಸ್ಕರ್ ಹಿಂದೂ ಮಹಾಸಾಗರದ ದೊಡ್ಡ ದ್ವೀಪ. 1896ರಿಂದ ಫ್ರಾನ್ಸಿನ ವಸಾಹತಾಗಿತ್ತು, 1960ರಲ್ಲಿ ಸ್ವತಂತ್ರವಾಯಿತು. ಇಂದಿಗೂ ಅಲ್ಲಿ ಮಲಗಾಸಿಯ ಜೊತೆಗೆ ಫ್ರೆಂಚ್ ಕೂಡ ಆಡಳಿತ ಭಾಷೆ. ಆದರೆ ಹಳ್ಳಿಯ ಮನೆಗಳಲ್ಲಿ ಆಡುವ ಮಾತು ಮಲಗಾಸಿ. ಮುಂದಿನ ಓದಿಗೆ, ಒಳ್ಳೆಯ ನೌಕರಿಗೆ ಮಾತ್ರ ಫ್ರೆಂಚ್ ಬೇಕು. ಅಂದರೆ ಅಲ್ಲಿನ ಮಗುವಿಗೆ ಮನೆಯ ಭಾಷೆ ಒಂದು, ಪರೀಕ್ಷೆಯ ಭಾಷೆ ಇನ್ನೊಂದು. ಈ ಕಥೆ ನಮಗೆ ಹೊಸದೇ? ನಮ್ಮ ಎಂಐಡಿಸಿ ಸುತ್ತಮುತ್ತ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದ ಮನೆಗಳಿವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ.

ಒಂದು ಸಣ್ಣ ಉದಾಹರಣೆ ನೋಡಿ. ಕನ್ನಡದಲ್ಲಿ ನಾವು "ಇಪ್ಪತ್ತೈದು" ಎನ್ನುತ್ತೇವೆ. ಮೊದಲು ಇಪ್ಪತ್ತು, ಆಮೇಲೆ ಐದು. ಮರಾಠಿಯ "ಪಂಚವೀಸ್"ನಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ಹೊಸದಾಗಿ ಶಾಲೆಗೆ ಸೇರಿದ ನಮ್ಮ ಮಗು ಪಂಚವೀಸ್ ಎಂದು ಕೇಳಿ 52 ಬರೆದರೆ ಆಶ್ಚರ್ಯವಿಲ್ಲ. 2019ರಲ್ಲಿ ಬಾಲಭಾರತಿಯು ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ "ವೀಸ್ ಪಾಚ್" ಎಂಬ ಕ್ರಮವನ್ನೂ ಕೊಟ್ಟಾಗ ಮಹಾರಾಷ್ಟ್ರದಲ್ಲೆಲ್ಲ ದೊಡ್ಡ ಚರ್ಚೆಯೇ ನಡೆದಿತ್ತು.

ಈಗ ಮಡಗಾಸ್ಕರಿಗೆ ಬನ್ನಿ. ಮಲಗಾಸಿಯಲ್ಲಿ ಇಪ್ಪತ್ತೈದಕ್ಕೆ "ದಿಮಿ ಅಂಬಿ ರುವಾಪುಲು" ಎನ್ನುತ್ತಾರೆ. ಐದು ಮೊದಲು, ಇಪ್ಪತ್ತು ಆಮೇಲೆ, ಥೇಟ್ ಮರಾಠಿಯಂತೆ. ಫ್ರೆಂಚಿನ "ವ್ಯಾಂತ್-ಸ್ಯಾಂಕ್" ಮಾತ್ರ ನಮ್ಮ ಕನ್ನಡದಂತೆ ಇಪ್ಪತ್ತರಿಂದ ಶುರುವಾಗುತ್ತದೆ. ಅಲ್ಲಿನ ಮಗು ತಡವರಿಸಿದರೆ ಅದಕ್ಕೆ ಲೆಕ್ಕ ಬರುವುದಿಲ್ಲ ಎಂದಲ್ಲ. ಅದರ ತಲೆಯಲ್ಲಿ ಎರಡು ಕ್ರಮಗಳು ಗುದ್ದಾಡುತ್ತಿವೆ. ಮಗುವಿನ ಮನೆಮಾತು ಗೊತ್ತಿದ್ದ ಟೀಚರಿಗೆ ಇದು ಕೂಡಲೇ ತಿಳಿಯುತ್ತದೆ. ಗೊತ್ತಿಲ್ಲದವರು "ದಡ್ಡ" ಎಂದು ಪಕ್ಕಕ್ಕೆ ಕೂರಿಸುತ್ತಾರೆ. ಆ ಒಂದು ಮಾತಿನಿಂದ ಶಾಲೆ ಬಿಟ್ಟ ಮಕ್ಕಳು ಎಲ್ಲ ದೇಶಗಳಲ್ಲೂ ಇದ್ದಾರೆ.

ಆದ್ದರಿಂದ ಹೊರಡುವ ಹುಡುಗಿಯರಿಗೆ ನನ್ನ ಮೊದಲ ಮಾತು: ಕಲಿಸುವ ಮೊದಲು ಆ ಮಕ್ಕಳ ಮಾತು ಕಲಿಯಿರಿ. ಕಿಟೆಲ್ ಅವರು 1853ರಲ್ಲಿ ಜರ್ಮನಿಯಿಂದ ನಮ್ಮ ನಾಡಿಗೆ ಬಂದಾಗ ಕನ್ನಡ ಕಲಿತರು. ಆ ಕಲಿಕೆ 1894ರ ಕನ್ನಡ-ಇಂಗ್ಲಿಷ್ ನಿಘಂಟಿನವರೆಗೆ ಬೆಳೆಯಿತು. 1961ರಲ್ಲಿ ಶುರುವಾದ ಅಮೆರಿಕದ ಪೀಸ್ ಕೋರ್‌ನಲ್ಲಿ ಇಂದಿಗೂ ಸ್ವಯಂಸೇವಕರಿಗೆ ಸುಮಾರು ಮೂರು ತಿಂಗಳು ಸ್ಥಳೀಯ ಭಾಷೆಯ ತರಬೇತಿ ಕೊಟ್ಟು, ಆಮೇಲೆ ಎರಡು ವರ್ಷದ ಸೇವೆಗೆ ಕಳಿಸುತ್ತಾರೆ. ಅದರ ಮುಂದೆ ಮೂರು ವಾರವೆಂದರೆ ಮಕ್ಕಳ ಹೆಸರು ನೆನಪಿಡುವುದರಲ್ಲೇ ಮುಗಿದುಹೋಗುತ್ತದೆ.

ಎರಡನೆಯದು ತಾಯಂದಿರಿಗೆ. ಸುಮ್ಮನೆ "ಬೇಡ" ಅನ್ನಬೇಡಿ, ಪ್ರಶ್ನೆ ಕೇಳಿ. ಕಟ್ಟುವ ದುಡ್ಡಿನಲ್ಲಿ ಊಟ-ವಸತಿಗೆ ಎಷ್ಟು, ಶಾಲೆಗೆ ಮುಟ್ಟುವುದು ಎಷ್ಟು? ಯಾವ ವೀಸಾ? ಪ್ರವಾಸಿ ವೀಸಾದಲ್ಲಿ ಕಲಿಸಲು ಆ ದೇಶ ಒಪ್ಪುತ್ತದೆಯೇ? ಕಾಯಿಲೆ ಬಿದ್ದರೆ ಜೊತೆಗೆ ನಿಲ್ಲುವವರು ಯಾರು? ಎಲ್ಲಕ್ಕಿಂತ ಮುಖ್ಯವಾಗಿ, ಆ ಶಾಲೆಯ ಖಾಯಂ ಟೀಚರ್ ಯಾರು? ನಮ್ಮ ಹುಡುಗಿ ವಾಪಸ್ ಬಂದ ಮೇಲೆ ಪಾಠ ಮುಂದುವರಿಸುವವರು ಅವರೇ. ಅವರಿಗೆ ಕೈಜೋಡಿಸಲು ಹೋಗುವುದಾದರೆ ಹೋಗಲಿ. ಅವರನ್ನು ಪಕ್ಕಕ್ಕೆ ಸರಿಸಿ ಬೋರ್ಡಿನ ಮುಂದೆ ಫೋಟೊ ತೆಗೆಸಿಕೊಳ್ಳುವುದಾದರೆ ಆ ದುಡ್ಡು ಮನೆಯಲ್ಲೇ ಇರಲಿ.

ಮೂರನೆಯದು ಸಂಘಕ್ಕೆ. ಹೊರಡುವ ಮುಂಚೆ ಈ ಹುಡುಗಿಯರು ಆರು ತಿಂಗಳು ಇಲ್ಲೇ ಅಭ್ಯಾಸ ಮಾಡಲಿ. ಭಾನುವಾರ ಎರಡು ತಾಸು, ಒಂದು ಕೋಣೆ, ಒಂದು ಬೋರ್ಡು ಸಾಕು. ಕನ್ನಡದ ಮನೆಗಳಿಂದ ಮರಾಠಿ ಶಾಲೆಗೆ ಹೋಗುವ ಮಕ್ಕಳಿಗೆ ಕನ್ನಡದಲ್ಲೇ ಹೇಳಿ ಮರಾಠಿ ಓದಿಸಬೇಕು. ಕನ್ನಡ ಅಕ್ಷರವನ್ನೂ ಕಲಿಸಿದರೆ ಊರಿನ ಅಜ್ಜಿಗೆ ನಾಲ್ಕು ಸಾಲು ಬರೆದಾರು. ಮರಾಠಿ ಚೆನ್ನಾಗಿ ಬರುವ, ಮನೆಯಲ್ಲಿ ಕನ್ನಡ ಆಡುವ ನಮ್ಮ ಹುಡುಗಿಯರಿಗಿಂತ ಈ ಕೆಲಸಕ್ಕೆ ತಕ್ಕವರು ಪುಣೆಯಲ್ಲಿ ಬೇರೆ ಯಾರಿದ್ದಾರೆ? ಪಂಚವೀಸ್ ಎಂದರೆ 52 ಬರೆದ ಮಗುವನ್ನು ತಾಳ್ಮೆಯಿಂದ 25ಕ್ಕೆ ಕರೆತಂದವಳು ಮಡಗಾಸ್ಕರದ ಹಳ್ಳಿಯಲ್ಲೂ ನಿಜವಾಗಿ ಉಪಯೋಗಕ್ಕೆ ಬರುತ್ತಾಳೆ.

ನಾನು ಪ್ರತಿ ಭಾನುವಾರ ಬರಲು ತಯಾರಿದ್ದೇನೆ. ಕೋಣೆ ಕೊಡುವವರು, ಮಕ್ಕಳನ್ನು ಕರೆತರುವವರು, ಜೊತೆಗೆ ಕೂತು ಕಲಿಸುವವರು ಇವತ್ತೇ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ ಎಂದು ವಿನಂತಿಸುತ್ತೇನೆ.