ನೀರಿನ ಮೇಲೊಂದು ದಾರಿ

ಊರಿಗೆ ದಾರಿ ಮಾಡುವುದೆಂದರೆ ಏನೆಂಬುದು ನಮಗೆಲ್ಲ ಗೊತ್ತು. ನೆಲ ಅಗೆಯಬೇಕು, ಜಲ್ಲಿ ಹಾಸಬೇಕು, ಮೋರಿ ಕಟ್ಟಬೇಕು. ನದಿಯ ದಾರಿಗೆ ಇದೊಂದೂ ಬೇಡ. ನೀರು ತಾನಾಗಿಯೇ ದಾರಿ ಮಾಡಿಟ್ಟಿದೆ. ಹಾಗಿದ್ದ ಮೇಲೆ, ಜನರು ಸಂತೋಷಕ್ಕಾಗಿ ಹುಟ್ಟು ಹಾಕುತ್ತ ಸಾಗಲು ನದಿಯಲ್ಲಿ ಒಂದು ಸಾರ್ವಜನಿಕ ದಾರಿ ಮಾಡುತ್ತೇವೆಂದು ಹೊರಟವರು ಮಾಡುವುದಾದರೂ ಏನನ್ನು? ಈ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ದೋಣಿ ನಮಗೆ ಹೊಸದಲ್ಲ. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸ್ ನಮ್ಮ ಹರಗೋಲನ್ನು ಕುರಿತು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿರುವ ಆ ದೋಣಿ ಹದಿನೈದಿಪ್ಪತ್ತು ಜನರನ್ನು ಹೊರುತ್ತದೆಂದೂ, ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತದೆಂದೂ ಅವನು ಹೇಳುತ್ತಾನೆ. ಅಂದಿನ ತೊಗಲಿನ ಹೊದಿಕೆ ಹೋಗಿ ಇಂದು ಪ್ಲಾಸ್ಟಿಕ್ ಹಾಳೆ ಬಂದಿದೆ. ಸುತ್ತುವುದು ಮಾತ್ರ ತಪ್ಪಿಲ್ಲ. ಆದರೆ ಹರಗೋಲಿನ ಮುಖ್ಯ ಕೆಲಸ ಕಡವು ದಾಟಿಸುವುದು. ದಾಟುವವನಿಗೆ ನದಿ ಒಂದು ಅಡ್ಡಿ. ಅದರ ಉದ್ದಕ್ಕೆ ಸಾಗುವವನಿಗೆ ಅದೇ ದಾರಿ.

ಅಮೆರಿಕದ ಈಶಾನ್ಯ ಭಾಗದಲ್ಲಿ ೨೦೦೬ರಲ್ಲಿ ಅಂಥದೊಂದು ದಾರಿಯನ್ನು ತೆರೆದರು. ನಾರ್ದರ್ನ್ ಫಾರೆಸ್ಟ್ ಕನೂ ಟ್ರೇಲ್ ಎಂದು ಅದರ ಹೆಸರು. ನ್ಯೂಯಾರ್ಕ್ ರಾಜ್ಯದಲ್ಲಿ ಹೊರಟು, ಕೆನಡದ ಕ್ವಿಬೆಕ್ ಪ್ರಾಂತವನ್ನೂ ಸ್ವಲ್ಪ ಹಾಯ್ದು, ಮೇನ್ ರಾಜ್ಯದಲ್ಲಿ ಮುಗಿಯುವ ಅದರ ಉದ್ದ ೭೪೦ ಮೈಲಿ. ಅಲ್ಲಿನ ಮೂಲನಿವಾಸಿಗಳು ಹಿಂದೆ ಓಡಾಡುತ್ತಿದ್ದ ಹೊಳೆ ಸರೋವರಗಳನ್ನೇ ದಾರದಲ್ಲಿ ಪೋಣಿಸಿದಂತೆ ಸೇರಿಸಿದ್ದಾರೆ. ಇದನ್ನು ಮಾಡಿದವರು ನೀರಿನ ತಂಟೆಗೆ ಹೋಗಲಿಲ್ಲ. ಕೆಲಸವೆಲ್ಲ ದಡದ ಮೇಲೆ. ಇಳಿಯುವುದಕ್ಕೊಂದು ತಾಣ, ತಂಗುವುದಕ್ಕೊಂದು ಬಯಲು, ಕಡಿದಾದ ಹರಿವೋ ಕಟ್ಟೆಯೋ ಅಡ್ಡ ಬಂದಲ್ಲಿ ದೋಣಿಯನ್ನು ಹೆಗಲಿಗೇರಿಸಿ ನಡೆಯಲು ಕಾಲುದಾರಿ, ೧೩ ಭಾಗಗಳ ನಕ್ಷೆ. ದಡದ ನೆಲ ಬಹಳಷ್ಟು ಕಡೆ ಖಾಸಗಿಯವರದು. ಒಡೆಯನ ಒಪ್ಪಿಗೆ ಇದ್ದರೆ ದಾರಿ ಉಂಟು, ತಪ್ಪಿದರೆ ಇಲ್ಲ. ಹಾಗಾಗಿ ಬಂದವನು ಕಸ ಬಿಡದೆ ಹೋಗುವುದು ಅಲ್ಲಿ ಬರಿಯ ಸಭ್ಯತೆಯಲ್ಲ. ದಾರಿ ಉಳಿಯುವುದೇ ಅದರಿಂದ.

ಈ ಲೆಕ್ಕವನ್ನು ನಮ್ಮ ತುಂಗಭದ್ರೆಗೆ ಹಾಕಿ ನೋಡೋಣ. ಹೊಸಪೇಟೆಯ ಅಣೆಕಟ್ಟಿನ ಕೆಳಗೆ, ಮುದ್ಲಾಪುರದಿಂದ ಕಂಪ್ಲಿಯವರೆಗಿನ ೩೪ ಕಿಲೋಮೀಟರು ನದಿಯನ್ನು ಸರ್ಕಾರ ೨೦೧೫ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲೆಂದು ಘೋಷಿಸಿತು. ನೀರುನಾಯಿಗೆಂದೇ ಮಾಡಿದ ಇಂಥ ಮೀಸಲು ದೇಶದಲ್ಲಿ ಇದೇ ಮೊದಲನೆಯದು. ನೀರುನಾಯಿ ಸಂಸಾರವಂದಿಗ ಪ್ರಾಣಿ. ಮನೆಮಂದಿಯೆಲ್ಲ ಕೂಡಿ ಮೀನು ಹಿಡಿಯುತ್ತದೆ, ಬಂಡೆಯ ಸಂದಿಯಲ್ಲಿ, ಜೊಂಡಿನ ಮರೆಯಲ್ಲಿ ಮರಿಗಳನ್ನು ಬೆಳೆಸುತ್ತದೆ. ಮರಳು ತೋಡಿದರೆ, ಜೊಂಡು ಸುಟ್ಟರೆ, ಸಿಡಿಮದ್ದು ಎಸೆದು ಮೀನು ಕೊಂದರೆ ಅದಕ್ಕೆ ಮನೆಯೂ ಇಲ್ಲ, ಊಟವೂ ಇಲ್ಲ.

ಇಂಥ ಕಡೆ ವಿಹಾರಕ್ಕೆಂದು ಜನರನ್ನು ಬಿಡಬಹುದೆ? ಗದ್ದಲ, ಬಾಟಲಿ, ಎಂಜಲೆಲೆಗಳು ದಡ ತುಂಬಿದರೆ ಮೀಸಲೆಂಬುದು ಕಾಗದದಲ್ಲಿ ಮಾತ್ರ ಉಳಿದೀತು. ಯಾರೂ ಸುಳಿಯದಂತೆ ಮಾಡಿದರೂ ಕಷ್ಟವೇ. ಯಾರೂ ಇಲ್ಲದ ಹೊಳೆಯಲ್ಲಿ ಸಿಡಿಮದ್ದಿನ ಸದ್ದನ್ನು ಕೇಳಿ ದೂರು ಕೊಡುವವರೂ ಇರುವುದಿಲ್ಲ. ಆದ್ದರಿಂದ ನಕ್ಷೆ ಬರೆಯುವವರು, ಎಲ್ಲಿ ಇಳಿಯಬಾರದೆಂಬುದನ್ನು ಮೊದಲು ಗುರುತಿಸಲಿ. ಎಲ್ಲಿ ಇಳಿಯಬಹುದೆಂಬುದನ್ನು ಆಮೇಲೆ ಬರೆಯಲಿ. ೩೪ ಕಿಲೋಮೀಟರೂ ಒಂದೇ ದಾರಿಯಾಗಬೇಕಾಗಿಲ್ಲ. ಬಂಡೆಗಳ ನಡುವೆ ನೀರು ಸೆಳೆಯುವ ಕಡೆಗಳನ್ನೂ ಮರಿ ಮಾಡುವ ತಾವುಗಳನ್ನೂ ಬಿಟ್ಟು, ಶಾಂತವಾದ ಮಡುಗಳಲ್ಲಿ ಮಾತ್ರ ಹುಟ್ಟಿನ ದೋಣಿ ಇರಲಿ; ಯಂತ್ರದ ದೋಣಿ ಬೇಡ. ವಿಜಯನಗರದ ಕಾಲದ ಒಡ್ಡುಗಳು ಎದುರಾದಲ್ಲಿ ದೋಣಿಯನ್ನು ಹೊತ್ತು ನಡೆಯೋಣ. ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಪ್ರತಿ ಇಳಿದಾಣಕ್ಕೂ ಮುಂಚಿತವಾಗಿ ತಲುಪಬೇಕು. ಈ ನೀರಿನಲ್ಲಿ ಮೊಸಳೆಯೂ ಇದೆ. ಈಜುವ ಹುರುಪು ಬೇಡ.

ಇದನ್ನೆಲ್ಲ ನೋಡಿಕೊಳ್ಳುವವರು ಯಾರು ಎನ್ನುವಿರಾ? ಸೇತುವೆಗಳು ಬಂದ ಮೇಲೆ ಕಡವಿನ ಕೆಲಸ ಕಳೆದುಕೊಂಡ ಅಂಬಿಗನಿದ್ದಾನೆ. ಸುಳಿ ಎಲ್ಲಿ, ಬಂಡೆ ಎಲ್ಲಿ ಎಂಬುದು ಅವನ ಹುಟ್ಟಿಗೆ ಗೊತ್ತು. ಅವನು ಬರಿಯ ಕೂಲಿಯಾಳಾಗದೆ ದಾರಿಯ ಕಾವಲುಗಾರನೂ ಆಗಲಿ. ವನ್ಯಜೀವಿ ಕಾಯಿದೆಗೆ ೨೦೦೨ರಲ್ಲಿ ಆದ ತಿದ್ದುಪಡಿ ಇಂಥ ಮೀಸಲಿನ ಸಮಿತಿಯಲ್ಲಿ ಅಲ್ಲಿನ ಗ್ರಾಮ ಪಂಚಾಯಿತಿಗಳಿಗೂ ಸ್ಥಾನ ಕೊಟ್ಟಿದೆ. ಕುರ್ಚಿ ಆಗಲೇ ಇದೆ. ಅದರಲ್ಲಿ ಕುಳಿತವರು ಅಂಬಿಗನನ್ನು ಕರೆದು ಕೇಳಬೇಕು, ಅಷ್ಟೆ.

ಮುಂದಿನ ಸಲ ಹಂಪೆಗೆ ಹೋದಾಗ ನೀವು ಹರಗೋಲಿನಲ್ಲಿ ಕುಳಿತರೆ, ಸುಮ್ಮನೆ ಸುತ್ತಿಸೆಂದು ಹೇಳಬೇಡಿ. ಎಲ್ಲಿ ದೋಣಿ ಒಯ್ಯಬಾರದು ಎಂದು ಅಂಬಿಗನನ್ನು ಕೇಳಿ. ಅವನು ದೂರದಿಂದಲೇ ಕೈ ತೋರಿಸುವ ಆ ಜೊಂಡಿನ ಕಡೆಗೆ ಒಂದಿಷ್ಟು ಹೊತ್ತು ಮಾತಿಲ್ಲದೆ ನೋಡಿ. ನೀರುನಾಯಿ ಕಂಡರೆ ನಿಮ್ಮ ಭಾಗ್ಯ. ಕಾಣದಿದ್ದರೆ, ಅದರ ಮನೆಯ ಬಾಗಿಲು ತಟ್ಟದೆ ಬಂದಿರೆಂಬ ಸಮಾಧಾನ.