ಮನೆಯಂಗಳದ ಹೆಗ್ಗಣಗಳು: ಹಿಂಸೆಯಿಲ್ಲದೆ ಹೊರಡಿಸುವ ಕ್ರಮ

(ಗೃಹಸ್ಥರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)



ಮನೆಯ ಮುಂದೆ ಆಸೆಯಿಂದ ಹುಲ್ಲುಹಾಸನ್ನು ಬೆಳೆಸಿ, ಬೆಳಗಾಗೆದ್ದು ನೋಡುವಾಗ ಅದರ ನಡುವೆ ಹೊಸ ಮಣ್ಣಿನ ಗುಡ್ಡೆಗಳೆದ್ದಿದ್ದರೆ ಯಾರಿಗೆ ತಾನೆ ಕೋಪ ಬಾರದು? ಆ ಕೋಪದಲ್ಲಿ ಬಿಲಕ್ಕೆ ಹೊಗೆ ಹಾಕುವುದು, ನೀರು ನುಗ್ಗಿಸುವುದು, ವಿಷದ ಉಂಡೆಗಳನ್ನಿಡುವುದು ರೂಢಿಯಾಗಿದೆ. ಇವುಗಳಿಂದ ಹೆಗ್ಗಣಕ್ಕೆ ಯಾತನೆಯುಂಟಾಗುವುದು ನಿಶ್ಚಯ. ಅದರ ಕಾಟ ತೀರುವುದು ಮಾತ್ರ ನಿಶ್ಚಯವಲ್ಲ. ಹಿಂಸೆಯಿಲ್ಲದ ಕ್ರಮವೇ ಹೆಚ್ಚು ಕಾಲ ನಿಲ್ಲುವ ಕ್ರಮವೂ ಆಗಿದೆಯೆಂಬುದನ್ನು ತಮ್ಮ ಮುಂದಿಡುವುದೇ ಈ ಉಪನ್ಯಾಸದ ಉದ್ದೇಶ.

1. ಗುರುತಿಸುವುದು

ನಮ್ಮ ಸೀಮೆಯ ಅಂಗಳಗಳನ್ನು ತೋಡುವವು ಮುಖ್ಯವಾಗಿ ಎರಡು ಬಗೆಯ ಹೆಗ್ಗಣಗಳು. ದೊಡ್ಡದು ಮೂತಿಯಿಂದ ಬಾಲದ ತುದಿಯವರೆಗೆ 1½ ಅಡಿಗೂ ಮೀರಿ ಬೆಳೆಯುವುದು. ಮೋರಿ, ಕೊಟ್ಟಿಗೆ, ತಿಪ್ಪೆಗಳ ಬಳಿ ಇದರ ವಾಸ. ಚಿಕ್ಕದು ಹೊಲಗದ್ದೆಗಳಲ್ಲಿಯೂ ಊರುಗಳಲ್ಲಿಯೂ ಉಂಟು. ಬಿಲದೊಳಗೆ ಧಾನ್ಯವನ್ನು ಕೂಡಿಡುವುದರಲ್ಲಿ ಇದು ಬಹು ಜಾಣ. ತೆಲುಗಿನವರು ಹೆಗ್ಗಣವನ್ನು ‘ಪಂದಿಕೊಕ್ಕು’, ಎಂದರೆ ಹಂದಿಯಿಲಿ, ಎಂದು ಕರೆಯುವರು. ಇಂಗ್ಲಿಷಿನ ‘ಬ್ಯಾಂಡಿಕೂಟ್’ ಎಂಬ ಹೆಸರು ಹುಟ್ಟಿದುದು ಈ ಮಾತಿನಿಂದಲೇ.

ಹೆಗ್ಗಣವು ಹಗಲು ಬಿಲದಲ್ಲಿದ್ದು ರಾತ್ರಿ ಸಂಚರಿಸುವುದು. ಚಿಕ್ಕ ಹೆಗ್ಗಣವು ಹಗಲಿನಲ್ಲಿ ಬಿಲದ ಬಾಯನ್ನು ಒಳಗಿನಿಂದ ಮಣ್ಣಿನಿಂದ ಮುಚ್ಚಿಕೊಳ್ಳುವುದೂ ಉಂಟು. ಆದುದರಿಂದ ಬಾಯಿ ಮುಚ್ಚಿದ ಬಿಲವನ್ನು ಬರಿದೆಂದು ತಿಳಿಯಬಾರದು. ಸಂಜೆ ಎಲ್ಲ ಗುಡ್ಡೆಗಳನ್ನೂ ಕಾಲಿನಿಂದ ಸಮಮಾಡಿ, ಬಾಯಿಗಳನ್ನು ಸಡಿಲವಾಗಿ ಮುಚ್ಚಿರಿ. ಬೆಳಗ್ಗೆ ಎಲ್ಲಿ ಹೊಸಮಣ್ಣು ಬಿದ್ದಿದೆಯೋ ಅಲ್ಲಿ ವಾಸವುಂಟು. ಅಲ್ಲಿ ಒಂದು ಕಡ್ಡಿಯನ್ನು ನೆಟ್ಟು ಗುರುತಿಡಿರಿ.

ಇಲ್ಲಿ ಒಂದು ಎಚ್ಚರಿಕೆ. ನೀಳವಾದ ಮೂತಿ, ಕಿರುಗಣ್ಣು, ಗಾಟುವಾಸನೆಯುಳ್ಳ ಸುಂಡಿಲಿಯು ಇಲಿಯ ಜಾತಿಯದೇ ಅಲ್ಲ. ಅದು ಜಿರಲೆ ಮೊದಲಾದ ಹುಳುಗಳನ್ನು ತಿಂದು ನಮಗೆ ಉಪಕಾರವನ್ನೇ ಮಾಡುವುದು. ಹೆಗ್ಗಣದ ತಪ್ಪಿಗೆ ಸುಂಡಿಲಿಯನ್ನು ಶಿಕ್ಷಿಸಬಾರದು.

2. ಮಾಡಬಾರದ ಕೆಲಸಗಳು

ನಾನು ನೋಡಿದ ಒಂದು ಮನೆಯಲ್ಲಿ ಯಜಮಾನರು ಮೂರು ದಿನ ಬಿಲಕ್ಕೆ ನೀರು ಹಾಯಿಸಿದರು. ಹುಲ್ಲಿನ ನಡುವಣ ಗುಡ್ಡೆಗಳು ನಿಂತುವು. ಆದರೆ ವಾರದೊಳಗೆ ಹೆಗ್ಗಣವು ಜಗುಲಿಯ ಕೆಳಗೆ ಸೇರಿಕೊಂಡಿತು. ನೀರು ಕುಡಿದು ಮೆತ್ತಗಾದ ನೆಲವನ್ನು ಅದು ತೋಡಲಾಗಿ ಮೆಟ್ಟಿಲುಕಲ್ಲು ಕುಸಿಯಿತು. ಆ ಮನೆಯ ಹಿತ್ತಿಲಲ್ಲಿ ಕೋಳಿಗೂಡಿದ್ದು, ಪ್ರತಿ ಸಂಜೆಯೂ ಒಂದು ಹಿಡಿ ಜೋಳ ನೆಲದ ಮೇಲೆ ಉಳಿಯುತ್ತಿದ್ದಿತು. ನೀರಿಗೆ ಪಟ್ಟ ಶ್ರಮದಲ್ಲಿ ಕಾಲುಭಾಗವನ್ನು ಜೋಳವನ್ನು ಗುಡಿಸುವುದಕ್ಕೆ ಪಟ್ಟಿದ್ದರೆ ಸಾಕಾಗಿತ್ತು. ಬೆಟ್ಟ ಅಗೆದು ಇಲಿ ಹಿಡಿದಂತೆ ಎಂಬ ಗಾದೆಯಿದೆ. ಇವರು ಅಗೆದರು, ಇಲಿಯೂ ಸಿಕ್ಕಲಿಲ್ಲ.

ವಿಷದ ಕೇಡು ಇನ್ನೂ ಹೆಚ್ಚು. ರಕ್ತವನ್ನು ಹೆಪ್ಪುಗಟ್ಟದಂತೆ ಮಾಡುವ ವಿಷಗಳನ್ನು ತಿಂದ ಪ್ರಾಣಿಯು ಕೆಲವು ದಿನ ನರಳಿ ಸಾಯುವುದು. ಆ ನಡುವೆ ಅದನ್ನು ಹಿಡಿದು ತಿಂದ ಗೂಬೆಗೂ ಬೆಕ್ಕಿಗೂ ವಿಷವೇರುವುದು. ಹೀಗೆ ಹೆಗ್ಗಣವನ್ನು ಕೊಲ್ಲಹೋಗಿ ಅದರ ಸಹಜ ಶತ್ರುಗಳನ್ನೇ ಕೊಂದಂತಾಗುವುದು. ಮಕ್ಕಳು ಆಡುವ ಅಂಗಳದಲ್ಲಿ ವಿಷವನ್ನಿಡುವುದರ ಅಪಾಯವನ್ನು ಹೇಳಬೇಕಾದುದೇ ಇಲ್ಲ. ಅಂಟುಹಲಗೆಯಲ್ಲಿ ಸಿಕ್ಕಿದ ಪ್ರಾಣಿಯು ಗಂಟೆಗಟ್ಟಲೆ ಒದ್ದಾಡಿ ಸಾಯುವುದರಿಂದ, ಅದನ್ನು ಉಪಯೋಗಿಸಕೂಡದೆಂದು ಭಾರತದ ಪ್ರಾಣಿಕಲ್ಯಾಣ ಮಂಡಳಿಯೂ ಸಲಹೆಮಾಡಿದೆ.

ಬೋನಿನಲ್ಲಿ ಹಿಡಿದು ದೂರದ ಹೊಲದಲ್ಲಿ ಬಿಟ್ಟುಬರುವುದು ದಯೆಯೆಂದು ಅನೇಕರು ಭಾವಿಸುವರು. ಪರಸ್ಥಳದಲ್ಲಿ ಬಿಲವಿಲ್ಲದೆ, ಆಹಾರದ ನೆಲೆಯರಿಯದೆ, ಅಲ್ಲಿಯ ಹೆಗ್ಗಣಗಳ ಕಡಿತಕ್ಕೆ ಸಿಕ್ಕಿ ಅದು ಬಹುಮಟ್ಟಿಗೆ ಸಾಯುವುದು. ಬದುಕಿದರೆ ರೈತನ ಬೆಳೆಗೆ ಶತ್ರುವಾಗುವುದು. ಹಿಡಿದುದು ತಾಯಿಯಾಗಿದ್ದರೆ ಅದರ ಮರಿಗಳು ಬಿಲದಲ್ಲೇ ಹಸಿದು ಸಾಯುವುವು.

3. ಮಾಡತಕ್ಕ ಕೆಲಸಗಳು

ಅನ್ನ ಮೊದಲು, ಅಗೆತ ಕಡೆಗೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಉಳಿದುದೆಲ್ಲವೂ ಸುಲಭ.

ಮೊದಲನೆಯದಾಗಿ, ಹೆಗ್ಗಣಕ್ಕೆ ಸಿಕ್ಕುವ ಆಹಾರವನ್ನು ನಿಲ್ಲಿಸಿರಿ. ಉದುರಿದ ಹಣ್ಣು, ಕೋಳಿ ಮತ್ತು ಹಕ್ಕಿಗಳ ಕಾಳು, ನಾಯಿಗೆ ಹಾಕಿ ಮಿಕ್ಕ ಅನ್ನ, ಮುಸುರೆ ಇವುಗಳನ್ನು ಕತ್ತಲಾಗುವುದಕ್ಕೆ ಮುಂಚೆ ತೆಗೆಯಿರಿ. ಕಸದ ಡಬ್ಬಕ್ಕೆ ಬಿಗಿಯಾದ ಮುಚ್ಚಳವಿರಲಿ.

ಎರಡನೆಯದಾಗಿ, ಮರೆಯನ್ನು ತೆಗೆಯಿರಿ. ಗೋಡೆಗೊರಗಿಸಿದ ಸೌದೆ, ಹಳೆಯ ಹೆಂಚು, ಇಟ್ಟಿಗೆಯ ರಾಶಿಗಳನ್ನು ಬೇರೆಡೆಗೆ ಸಾಗಿಸಿರಿ; ಸೌದೆಯನ್ನು ನೆಲದಿಂದ ಒಂದು ಅಡಿ ಎತ್ತರದ ಅಟ್ಟಣೆಯ ಮೇಲಿಡಿರಿ. ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ಬೇಲಿಯ ಬುಡವನ್ನು ಬಯಲುಮಾಡಿರಿ. ಬಯಲಿನಲ್ಲಿ ಓಡಾಡುವುದಕ್ಕೆ ಹೆಗ್ಗಣವು ಅಂಜುವುದು.

ಮೂರನೆಯದಾಗಿ, ನಾಲ್ಕೈದು ವಾರ ಕಾಯಿರಿ. ಮರಿಗಳು ಹುಟ್ಟುವಾಗ ಕುರುಡಾಗಿಯೂ ರೋಮವಿಲ್ಲದೆಯೂ ಇದ್ದು, ಸುಮಾರು ಒಂದು ತಿಂಗಳಿಗೆ ತಾಯಿಯ ಹಾಲನ್ನು ಬಿಡುವುವು. ಈ ಅವಧಿಯಲ್ಲಿ ಆಹಾರ ಸಾಲದೆ ತಾಯಿಯೇ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಹೋಗಬಹುದು, ಅಥವಾ ಮರಿಗಳು ಬೆಳೆದು ತಾವಾಗಿ ಚದರಬಹುದು.

ನಾಲ್ಕನೆಯದಾಗಿ, ಮನೆಯ ಕಡೆಯನ್ನು ಭದ್ರಪಡಿಸಿರಿ. ಅಡಿಪಾಯದ ಪಕ್ಕದಲ್ಲಿ 1½ ಅಡಿ ಆಳದ ಕಾಲುವೆಯನ್ನು ತೋಡಿ, ಅರ್ಧ ಅಂಗುಲದ ಕಣ್ಣಿನ ಗಟ್ಟಿ ತಂತಿಬಲೆಯನ್ನು ಗೋಡೆಗೆ ಹೊಂದಿಸಿ ಇಳಿಬಿಟ್ಟು, ತಳದಲ್ಲಿ ಒಂದು ಅಡಿಯಷ್ಟು ಹೊರಕ್ಕೆ ಮಡಿಸಿ ಮಣ್ಣು ಮುಚ್ಚಿರಿ. ಗೋಡೆಯ ಬುಡದಲ್ಲಿ ತೋಡುತ್ತ ಬಂದ ಹೆಗ್ಗಣಕ್ಕೆ ಈ ಮಡಿಕೆ ತಡೆಯಾಗುವುದು. ಮೋರಿಯ ಬಾಯಿಗೂ ಜಾಲರಿಯನ್ನು ಹಾಕಿರಿ.

ಕಡೆಯದಾಗಿ, ಇನ್ನೂ ವಾಸವಿರುವ ಬಿಲಗಳನ್ನು ಒಂದು ಬಾಯಿಯ ಕಡೆಯಿಂದ ದಿನಕ್ಕೆ ಒಂದು ಅಡಿಯಂತೆ ಮೆಲ್ಲಗೆ ತೆರೆಯುತ್ತ ಬನ್ನಿರಿ. ಉಳಿದ ಬಾಯಿಗಳನ್ನು ಮುಚ್ಚಬೇಡಿ. ಅವು ಪ್ರಾಣಿಯು ರಾತ್ರಿ ಹೊರಟುಹೋಗುವ ದಾರಿಗಳು. ಹುಲ್ಲು ಹಾಸಿದ ಗೂಡಿನಲ್ಲಿ ಮರಿಗಳು ಕಂಡರೆ ಮಣ್ಣನ್ನು ಮೊದಲಿನಂತೆ ಹಗುರವಾಗಿ ಮುಚ್ಚಿ, ಇನ್ನೂ ನಾಲ್ಕು ವಾರ ತಾಳಿರಿ. ಮೂರು ಬೆಳಗು ಹೊಸಮಣ್ಣು ಬೀಳದಿದ್ದರೆ, ಬಿಲಕ್ಕೆ ಇಟ್ಟಿಗೆಚೂರು ಮತ್ತು ಮಣ್ಣನ್ನು ತುಂಬಿ ದಿಮ್ಮಿಸಿ, ಮೇಲೆ ಹುಲ್ಲನ್ನು ನೆಡಿರಿ.

4. ಆರೋಗ್ಯದ ವಿಚಾರ

ದಯೆಯೆಂದರೆ ಅಜಾಗರೂಕತೆಯಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಕಾಲದ ಕಥೆಯನ್ನು ಹಿರಿಯರ ಬಾಯಿಂದ ಕೇಳಿದ ಮನೆತನಗಳು ಅನೇಕವಿವೆ. ಇಲಿ ಸತ್ತೊಡನೆ ಅದರ ಮೈಯ ಚಿಗಟಗಳು ಬೇರೆ ಮೈಯನ್ನು ಹುಡುಕುವುವು. ಆದುದರಿಂದ ಕಾರಣವಿಲ್ಲದೆ ಇಲಿಗಳು ಸತ್ತುಬಿದ್ದರೆ ಅವನ್ನು ಮುಟ್ಟದೆ ಆರೋಗ್ಯಾಧಿಕಾರಿಗಳಿಗೆ ತಿಳಿಸತಕ್ಕದ್ದು. ಇಲಿಜ್ವರದ ರೋಗಾಣುಗಳು ಈ ಪ್ರಾಣಿಗಳ ಮೂತ್ರದ ಮೂಲಕ ಒದ್ದೆಮಣ್ಣನ್ನು ಸೇರಿ, ಚರ್ಮದ ಗಾಯಗಳಿಂದ ನಮ್ಮ ಮೈಯನ್ನು ಹೊಗುವುವು. ಬಿಲದ ಕೆಲಸಕ್ಕೆ ಕೈಚೀಲ, ಬೂಟುಗಳು ಅವಶ್ಯಕ. ಆಮೇಲೆ ಜ್ವರ, ಮೈಕೈನೋವು ಬಂದರೆ ವೈದ್ಯರಿಗೆ ಈ ಕೆಲಸಮಾಡಿದ ಸಂಗತಿಯನ್ನು ತಪ್ಪದೆ ಹೇಳಿರಿ. ಬರಿದಾದ ಬಿಲದಲ್ಲಿ ಹಾವು ಸೇರಿರಬಹುದಾದುದರಿಂದ ಬರಿಗೈಯನ್ನು ಎಂದಿಗೂ ಹಾಕಬೇಡಿ.

ಅಂಗಳದಲ್ಲಿ ಕೇರೆಹಾವು ಕಂಡರೆ ಹೊಡೆಯಬೇಡಿ. ಅದಕ್ಕೆ ವಿಷವಿಲ್ಲ, ಇಲಿಗಳೇ ಅದರ ಮುಖ್ಯ ಆಹಾರ. ಗೂಬೆಯನ್ನು ಅಪಶಕುನವೆಂದು ಓಡಿಸಬೇಡಿ. ಸಂಬಳವಿಲ್ಲದೆ ರಾತ್ರಿಯೆಲ್ಲ ಕಾವಲಿರುವ ಆಳು ಅದು.

5. ಉಪಸಂಹಾರ

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ನಿಮ್ಮ ಅಂಗಳದಿಂದ ಹೊರಟ ಹೆಗ್ಗಣವು ಮಾಯವಾಗುವುದಿಲ್ಲ. ಎಲ್ಲಿ ಅನ್ನವಿದೆಯೋ ಅಲ್ಲಿಗೆ ಹೋಗುವುದು. ಪಕ್ಕದ ಮನೆಯ ಹಿತ್ತಿಲಲ್ಲಿ ಎಂಜಲೆಲೆಗಳ ರಾಶಿ ಇದ್ದರೆ, ನಾಲ್ಕು ದಿನ ಅಲ್ಲಿದ್ದು ಐದನೆಯ ದಿನ ನಿಮ್ಮಲ್ಲಿಗೇ ಮರಳುವುದು. ಆದುದರಿಂದ ಇದು ಒಂದು ಮನೆಯ ಕೆಲಸವಲ್ಲ, ಒಂದು ಬೀದಿಯ ಕೆಲಸ. ಬೀದಿಯವರೆಲ್ಲರೂ ಕೂಡಿ ಒಂದೇ ವಾರವನ್ನು ಗೊತ್ತುಮಾಡಿಕೊಂಡು ಕಸವನ್ನೂ ಮೋರಿಯನ್ನೂ ಶುದ್ಧಪಡಿಸಿದರೆ, ಹೆಗ್ಗಣಗಳ ಸಂಖ್ಯೆ ಆಹಾರಕ್ಕೆ ತಕ್ಕಂತೆ ತಾನಾಗಿ ಇಳಿಯುವುದು. ನಾಳೆ ಬೆಳಗ್ಗೆ ಗುಡ್ಡೆಯನ್ನು ಕಂಡಾಗ ಗುದ್ದಲಿಗೆ ಕೈಹಾಕುವುದಕ್ಕೆ ಮುಂಚೆ, ಹಿಂದಿನ ರಾತ್ರಿ ಆ ಪ್ರಾಣಿಗೆ ಊಟವಿಟ್ಟವರು ಯಾರೆಂದು ಒಮ್ಮೆ ವಿಚಾರಿಸಬೇಕೆಂದು ತಮ್ಮಲ್ಲಿ ಪ್ರಾರ್ಥಿಸಿ, ಈ ಉಪನ್ಯಾಸವನ್ನು ಮುಗಿಸುತ್ತೇನೆ.